ಗುಂಪಿನಲ್ಲಿ ನಿಂತ ಹೆಂಗಸು

ಅವನು ಸ್ವಾರ್ಥಿ. ಸಿಟ್ಟಿನಲ್ಲಿ ಹೇಳುವ ಮಾತಲ್ಲ ಇದು. ಹತ್ತೊಂಬತ್ತು ವರ್ಷ ಒಂದೇ ಕಟ್ಟಡದಲ್ಲಿ, ನಾನು ನೆಲಮಹಡಿಯಲ್ಲಿ, ಅವನು ತಾರಸಿಯ ಮೇಲಿನ ಒಂದೇ ಕೋಣೆಯಲ್ಲಿ ಇದ್ದು ಕಂಡುಕೊಂಡದ್ದು. ಹತ್ತು ಜನ ನೋಡುತ್ತಿದ್ದರೆ ಯಾರೋ ಮುದುಕಿಯ ಚೀಲವನ್ನು ಬಸ್ ಸ್ಟಾಪಿನ ತನಕ ಹೊತ್ತುಕೊಡುತ್ತಿದ್ದ. ಯಾರೂ ನೋಡದಿದ್ದರೆ ಮೆಟ್ಟಿಲ ಮೇಲೆ ಬಿದ್ದ ಬಾಳೆಹಣ್ಣಿನ ಸಿಪ್ಪೆಯನ್ನು ದಾಟಿಕೊಂಡು ಹೋಗುತ್ತಿದ್ದ. ಹೆಂಡತಿಯ ಜಾಣತನವನ್ನು ತನ್ನ ಕೈಚಳಕವೆಂದು ಮೂವತ್ತು ವರ್ಷ ತೋರಿಸಿಕೊಂಡು ಬದುಕಿದ.

ಬೀದಿಯವರೆಲ್ಲ ಅವನನ್ನು ‘ಕಣ್ಕಟ್ಟು’ ಎಂದೇ ಕರೆಯುತ್ತಿದ್ದರು. ಆ ಹೆಸರಿಗೆ ಅವನು ಹಿಗ್ಗುತ್ತಿದ್ದ. ಸಾಮಾನು ಹೆಚ್ಚೇನಿರಲಿಲ್ಲ: ಮೂರು ಹಿತ್ತಾಳೆ ಬಟ್ಟಲು, ಒಂದು ಹಗ್ಗ, ಒಂದು ಕಟ್ಟು ಇಸ್ಪೀಟು, ಮಡಚುವ ಮೇಜು. ಬಟ್ಟಲಿನ ಆಟದಲ್ಲಿ ಅವನನ್ನು ಮೀರಿಸುವವರು ಆ ಊರಿನಲ್ಲೇ ಇಬ್ಬರಿದ್ದರು. ಆದರೂ ಅವನ ಸುತ್ತ ಸೇರಿದಷ್ಟು ಜನ ಅವರ ಸುತ್ತ ಸೇರುತ್ತಿರಲಿಲ್ಲ. ಅದಕ್ಕೆ ಕಾರಣ ಅವನ ಹೆಂಡತಿ.

ಅವಳು ಆಟದಲ್ಲಿ ಇದ್ದಾಳೆಂದು ನೋಡಲು ಸೇರಿದವರಲ್ಲಿ ಯಾರಿಗೂ ಗೊತ್ತಿರಲಿಲ್ಲ, ಗೊತ್ತಾಗಲೂಬಾರದಿತ್ತು. ಅವನು ಬೆಳಿಗ್ಗೆ ಒಂದು ಬಸ್ಸು ಹಿಡಿದರೆ ಅವಳು ಅದರ ಮುಂದಿನ ಬಸ್ಸು ಹಿಡಿಯುತ್ತಿದ್ದಳು. ಇಪ್ಪತ್ತು ಜನ ಸೇರುವವರೆಗೆ ದೂರದಲ್ಲಿ ತರಕಾರಿ ಚೌಕಾಸಿ ಮಾಡುತ್ತಾ ನಿಂತು, ಆಮೇಲೆ ಚೀಲ ಹಿಡಿದು, ದಾರಿಹೋಕ ಗೃಹಿಣಿಯಂತೆ ಗುಂಪಿಗೆ ನುಗ್ಗುತ್ತಿದ್ದಳು.

“ಸರೀರಿ, ಸ್ವಲ್ಪ ಸರೀರಿ! ಏನಪ್ಪಾ ಇಲ್ಲಿ, ರಸ್ತೆ ನಿಮ್ಮಪ್ಪಂದಾ?”

“ಬನ್ನಿ ತಾಯಿ, ನಿಮಗೋಸ್ಕರಾನೇ ಕಾಯ್ತಿದ್ದೆ. ಆ ಉಂಗುರ ಒಂದು ನಿಮಿಷ ಕೊಡಿ.”

“ಯಾಕೆ ಕೊಡ್ಲಿ? ಕಳೆದ್ರೆ ನಮ್ಮ ಮನೆಯವರು ನನ್ನ ಸುಮ್ನೆ ಬಿಡ್ತಾರಾ?”

“ಅಂಥಾ ಗಂಡ ಇದ್ರೆ ಮೊದಲು ಅವರನ್ನೇ ಮಾಯ ಮಾಡ್ಕೊಡ್ತೀನಿ, ಬಿಡಿ!”

“ಮಾಡಪ್ಪಾ, ಪುಣ್ಯ ಬರುತ್ತೆ. ಆದ್ರೆ ತಿರುಗಿ ತರಿಸ್ಬೇಡ ಮತ್ತೆ!”

ಜನ ಬಿದ್ದು ಬಿದ್ದು ನಗುತ್ತಿದ್ದರು. ಉಂಗುರ ಮಾಯವಾಗುತ್ತಿತ್ತು, ಅವಳು ಬೊಬ್ಬೆ ಹೊಡೆಯುತ್ತಿದ್ದಳು, ಕೊನೆಗೆ ಅವಳದೇ ಚೀಲದ ಈರುಳ್ಳಿಯನ್ನು ಕೊಯ್ದರೆ ಉಂಗುರ ಒಳಗೆ. ಈರುಳ್ಳಿ ಸಿದ್ಧಮಾಡಿ ತಂದದ್ದು ಅವಳು, ಸಮಯ ನೋಡಿ ನಗಿಸಿದ್ದು ಅವಳು, ಚಪ್ಪಾಳೆ ಅವನಿಗೆ. ಆಟ ಮುಗಿದ ಮೇಲೂ ಬೀದಿಯಲ್ಲಿ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಮನೆಯ ಬಾಗಿಲು ಮುಚ್ಚಿದ ಮೇಲೆಯೇ ಗಂಡ ಹೆಂಡತಿ.

ಈ ನಿಯಮ ಮಗಳಿಗೂ ಇತ್ತು. ಏಳು ವರ್ಷದವಳಿದ್ದಾಗ ಶಾಲೆಯಿಂದ ಬರುವಾಗ ಬಿದ್ದು ಮಂಡಿ ಒಡೆದುಕೊಂಡ ಹುಡುಗಿ, ಆಟದ ಮಧ್ಯೆ ಅವನನ್ನು ಕಂಡು “ಅಪ್ಪಾ” ಎಂದು ಓಡಿಹೋದಳು. ಅವನು ಗುಂಪಿನ ಕಡೆ ತಿರುಗಿ, “ಯಾರ್ರೀ ಈ ಮಗೂನ ಇಲ್ಲಿ ಬಿಟ್ಟೋರು? ನನಗೆ ಇನ್ನೂ ಮದುವೇನೇ ಆಗಿಲ್ಲ, ಸ್ವಾಮಿ!” ಎಂದ. ಜನ ನಕ್ಕರು. ತಾಯಿ ಅಪರಿಚಿತಳಂತೆ ಬಂದು, “ಬಾರಮ್ಮ, ನಿಮ್ಮನೆ ಎಲ್ಲಿ?” ಎಂದು ಕೈಹಿಡಿದು ಕರೆದುಕೊಂಡು ಹೋದಳು. ನನ್ನ ಬಳಿ ಪಾಠಕ್ಕೆ ಬರುತ್ತಿದ್ದಾಗ ಆ ಹುಡುಗಿ ಇದನ್ನು ಒಮ್ಮೆ ಹೇಳಿದ್ದಳು. ಅಳದೆ ಹೇಳಿದಳು. ಓದಿ, ಐದು ಗಂಟೆ ರೈಲು ಪ್ರಯಾಣದ ಇನ್ನೊಂದು ಊರಿನಲ್ಲಿ ಆಸ್ಪತ್ರೆಯೊಂದರ ಲ್ಯಾಬ್ ಸೇರಿದಳು. ಪ್ರತಿ ವರ್ಷ ತಾಯಿಯನ್ನು ಕರೆಯುತ್ತಿದ್ದಳು, ಪ್ರತಿ ವರ್ಷ ತಾಯಿ, “ಈ ಸೀಸನ್ ಮುಗೀಲಿ” ಎನ್ನುತ್ತಿದ್ದಳು.

ಕಳೆದ ಚಳಿಗಾಲದ ಕಲಾ ಉತ್ಸವದಲ್ಲಿ ಅವರಿಗೆ ಒಳ್ಳೆಯ ಜಾಗ ಸಿಕ್ಕಿತ್ತು, ಗಡಿಯಾರ ಕಂಬದ ಕೆಳಗೆ. ಮುನ್ನೂರು ಜನಕ್ಕೆ ಕಡಿಮೆ ಇರಲಿಲ್ಲ. ಯಾರೋ ಮೊಬೈಲಿನಲ್ಲಿ ಹಿಡಿದ ವಿಡಿಯೊದಲ್ಲಿ ಎಲ್ಲವೂ ಇದೆ. ಅವಳು ಉಂಗುರಕ್ಕಾಗಿ ಬೊಬ್ಬೆ ಹೊಡೆಯುತ್ತಿದ್ದಾಳೆ. ಮಾತು ನಡುವೆಯೇ ತೊದಲುತ್ತದೆ, ಬಾಯಿ ಒಂದು ಕಡೆ ವಾಲುತ್ತದೆ, ಬೀಳುತ್ತಾಳೆ. ಜನ ಚಪ್ಪಾಳೆ ತಟ್ಟುತ್ತಾರೆ. ಅವನು ಒಂದು ಗಳಿಗೆ ಅವಳನ್ನೇ ನೋಡುತ್ತಾನೆ. ಆಮೇಲೆ, “ಉಂಗುರ ಹೋದ್ದಕ್ಕೇ ಹೀಗಾದ್ರೆ, ಗಂಡ ಹೋದ್ರೆ ಏನ್ ಮಾಡ್ತೀರಿ ತಾಯಿ?” ಎನ್ನುತ್ತಾನೆ. ಗುಂಪು ಹೋ ಎನ್ನುತ್ತದೆ. ಅವನು ಈರುಳ್ಳಿ ಕೊಯ್ದು, ಉಂಗುರ ತೆಗೆದು, ನಾಲ್ಕೂ ದಿಕ್ಕಿಗೆ ಬಾಗಿ, ಆಮೇಲೆ ಅವಳ ಬಳಿ ಹೋಗುತ್ತಾನೆ. ನಾಲ್ಕು ನಿಮಿಷ.

ಲಕ್ವ ಹೊಡೆದು ಬಲಗೈ, ಬಲಗಾಲು ಹೋದವು. ಮಾತು ಮುದ್ದೆಯಾಯಿತು. ಆಸ್ಪತ್ರೆಯಿಂದ ಕಳಿಸಿದಾಗ ತಾರಸಿಗೆ ಐವತ್ತೆರಡು ಮೆಟ್ಟಿಲು ಹತ್ತಿಸಲು ಸಾಧ್ಯವಿರಲಿಲ್ಲ. ಮುಂದಿನ ಕೋಣೆಯಲ್ಲಿದ್ದ ನನ್ನ ಪುಸ್ತಕದ ಕಪಾಟುಗಳನ್ನು ಸರಿಸಿ ಅಲ್ಲಿ ಮಂಚ ಹಾಕಿಸಿದೆ. ಅವನು ಬೆಳಿಗ್ಗೆ ಸಂಜೆ ಇಳಿದುಬಂದು ಅವಳ ಮೈ ಒರೆಸಿ, ಗಂಜಿ ಕುಡಿಸಿ, ಮಧ್ಯೆ ಆಟಕ್ಕೆ ಹೋಗುತ್ತಿದ್ದ. ಹನ್ನೊಂದನೆಯ ದಿನಕ್ಕೆ ಟೀ ಅಂಗಡಿಯವನ ನಾದಿನಿಯನ್ನು ಚೀಲ ಕೊಟ್ಟು ಗುಂಪಿನಲ್ಲಿ ನಿಲ್ಲಿಸಿದ್ದಾನೆಂದು ಕೇಳಿದೆ. ನಾನು ಆ ಬಗ್ಗೆ ಅವನನ್ನೇ ಪ್ರಶ್ನಿಸಿದಾಗ ಅವನು ನಾಚಲಿಲ್ಲ.

“ಹೊಸಬಳು, ನಗಿಸೋಕೆ ಬರಲ್ಲ ಮೇಡಂ. ಆದ್ರೂ ನಡೀಬೇಕಲ್ಲ.”

ಹೊಸಬಳ ವಿಷಯವನ್ನು ಹೆಂಡತಿಗೂ ಅವನೇ ಹೇಳಿದ. ಅವಳು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು. ಆ ಸಂಜೆ ಗಂಜಿ ಮುಟ್ಟಲಿಲ್ಲ.

ಅವಳ ಮಾತು ಮೊದಮೊದಲು ಅವನೊಬ್ಬನಿಗೆ ಮಾತ್ರ ಅರ್ಥವಾಗುತ್ತಿತ್ತು. ಎರಡು ವಾರ ಪಕ್ಕದಲ್ಲಿ ಕುಳಿತ ಮೇಲೆ ನನಗೂ ಅರ್ಥವಾಗತೊಡಗಿತು. ಒಂದು ಮಧ್ಯಾಹ್ನ ಅವನಿಲ್ಲದಾಗ ಅವಳು ಹೇಳಿದಳು. ಒಂದೊಂದು ಪದಕ್ಕೂ ಸಮಯ ಹಿಡಿಯಿತು. ಅವರಿಬ್ಬರ ನಡುವೆ ಒಂದು ಸಂಜ್ಞೆ ಇತ್ತಂತೆ: ಅವಳು ಶಾಲನ್ನು ಎಡಹೆಗಲಿನ ಮೇಲೆ ಎಳೆದುಕೊಂಡರೆ ‘ಇದೂ ಆಟವೇ, ಮುಂದುವರಿಸು’ ಎಂದರ್ಥ. ಬಿದ್ದಾಗ ಅವಳು ಶಾಲು ಎಳೆದುಕೊಂಡಿದ್ದಳು.

ನಾನು ನಂಬಲಿಲ್ಲ. ವಿಡಿಯೊ ಮತ್ತೆ ನೋಡಿದೆ. ನಿಜ. ನೆಲದ ಮೇಲೆ ಬಿದ್ದವಳ ಎಡಗೈ ತಡಕಾಡಿ, ಶಾಲಿನ ಅಂಚು ಹುಡುಕಿ, ಹೆಗಲ ಮೇಲೆ ಎಳೆಯುತ್ತದೆ. ಅವನು ನೋಡಿದ್ದು ಅದನ್ನು.

“ಯಾಕೆ ಹಾಗೆ ಮಾಡಿದೆ?” ಎಂದೆ.

“ತಲೆ ಸುತ್ತು ಅಂದ್ಕೊಂಡೆ,” ಎಂದಳು. ಆಮೇಲೆ, “ಅಷ್ಟು ಜನ... ಯಾವತ್ತೂ... ಸೇರಿರಲಿಲ್ಲ,” ಎಂದಳು.

ಇಂಥ ತಪ್ಪು ಬೇರೆ ಯಾರು ಮಾಡುತ್ತಾರೆ? ಮೈಯರ್ಧ ಕಳಚಿ ಬೀಳುವಾಗಲೂ ಗುಂಪು ಚದುರದಂತೆ ನೋಡಿಕೊಂಡಿದ್ದಳು.

ವಿಡಿಯೊ ಕಂಡ ಮಗಳು ಆಸ್ಪತ್ರೆಗೆ ಬಂದಾಗ ತಂದೆಯೊಡನೆ ಮಾತಾಡಿರಲಿಲ್ಲ. ಈಗ ನನಗೆ ಫೋನ್ ಮಾಡಿದಳು.

“ಭಾನುವಾರ ಬರ್ತೀನಿ ಮೇಡಂ. ನಮ್ಮ ಆಸ್ಪತ್ರೇಲಿ ದಿನಾ ವ್ಯಾಯಾಮ ಮಾಡ್ಸಿದ್ರೆ ಆರು ತಿಂಗಳಲ್ಲಿ ಕೋಲು ಹಿಡ್ಕೊಂಡು ನಡೀಬಹುದು ಅಂತಾರೆ. ನನ್ನ ಮನೆ ನೆಲಮಹಡೀಲೇ ಇದೆ. ಆದ್ರೆ ಒಂದು ಮಾತು. ಅಪ್ಪ ಗೊತ್ತಿದ್ದೂ ಆಟ ನಿಲ್ಲಿಸದೆ ಬಿಟ್ಟಿದ್ರೆ ಅಮ್ಮನ್ನ ಒಂದು ದಿನಾನೂ ಅಲ್ಲಿ ಬಿಡಲ್ಲ, ಹೊತ್ಕೊಂಡಾದ್ರೂ ತರ್ತೀನಿ. ಆದ್ರೆ ಇದರಲ್ಲೂ ಅಮ್ಮಂದೇ ಕೈವಾಡ ಇದ್ರೆ ನನಗೆ ಸಾಕು. ಹತ್ತು ವರ್ಷ ಕರೆದೆ. ಆ ಆಟಾನೇ ಅವಳಿಗೆ ಹೆಚ್ಚು ಅಂದ್ರೆ ಅಲ್ಲೇ ಇರ್ಲಿ. ಇನ್ನು ನಾನು ಯಾರ ಬಾಗಿಲಿಗೂ ಬರಲ್ಲ.”

ಹೇಳಿದ್ದನ್ನು ಮಾಡುವ ಹುಡುಗಿ ಅವಳು, ನನಗೆ ಗೊತ್ತು. ಫೋನಿನ ಮಾತನ್ನು ಗಂಡ ಹೆಂಡತಿ ಇಬ್ಬರಿಗೂ ತಿಳಿಸಿದೆ. ಮಗಳ ಸ್ವಭಾವ ತಾಯಿಗೂ ಗೊತ್ತಿತ್ತು. ಅದಕ್ಕೇ ಅವಳು ಹಟ ಹಿಡಿದಳು: ಹೋಗುವುದಿಲ್ಲ, ಮಗಳಿಗೆ ನಿಜ ಹೇಳುತ್ತೇನೆ, ಮೇಲಿನ ಕೋಣೆಗೇ ಹೋಗುತ್ತೇನೆ. ವಾಸಿಯಾಗಿ ಮತ್ತೆ ಗುಂಪಿನಲ್ಲಿ ನಿಲ್ಲುತ್ತೇನೆಂಬ ಭ್ರಮೆ. ಆ ಮೆಟ್ಟಿಲು ಹತ್ತಿದರೆ ಮತ್ತೆ ಇಳಿಯುವುದಿಲ್ಲವೆಂದು ನಾನು ಹೇಳಿದೆ. ಅವಳು ಕೇಳಲಿಲ್ಲ.

ಶನಿವಾರ ಅವನನ್ನು ಬಾಗಿಲಲ್ಲಿ ತಡೆದು ಕೇಳಿದೆ. “ಶಾಲಿನ ವಿಷಯ ಗೊತ್ತಾಯಿತು. ಮಗಳಿಗೆ ಯಾಕೆ ಹೇಳಲಿಲ್ಲ ನೀನು?”

ಅವನು ಮೇಜಿನ ಕಾಲು ಮಡಚುತ್ತಲೇ ಇದ್ದ. “ಹೇಳಿದ್ರೆ ಇವಳು ಇಲ್ಲೇ ಉಳೀತಾಳೆ ಮೇಡಂ.”

ಹೊರೆ ಇಳಿಸಿಕೊಳ್ಳಲು ದಾರಿ ಹುಡುಕುತ್ತಿದ್ದಾನೆ ಎಂದುಕೊಂಡೆ. ಹೊಸಬಳು ಸಿಕ್ಕಿದ್ದಾಳೆ, ಆಟ ನಡೆಯುತ್ತಿದೆ, ಹಾಸಿಗೆ ಹಿಡಿದ ಹೆಂಡತಿ ಇವನಿಗೆ ಏಕೆ ಬೇಕು? ಆ ಮಾತನ್ನು ಅವನ ಮುಖದ ಮೇಲೆಯೇ ಹೇಳಿದೆ. ಅವನು, “ಹೌದು, ಹಂಗೇ ಇಟ್ಕೊಳ್ಳಿ,” ಎಂದು ಹೊರಟುಹೋದ.

ಭಾನುವಾರ ಹನ್ನೊಂದು ಗಂಟೆಗೆ ಮಗಳು ಬಂದಳು. ಬಾಗಿಲಲ್ಲಿ ಗಾಡಿ ನಿಂತಿತ್ತು. ಅವಳು ಚಪ್ಪಲಿಯನ್ನೂ ಬಿಡದೆ, ಮಂಚದ ಈಚೆ ನಿಂತು, ಆಚೆ ನಿಂತಿದ್ದ ತಂದೆಯನ್ನು ಕೇಳಿದಳು.

“ಅಪ್ಪಾ, ಒಂದೇ ಪ್ರಶ್ನೆ. ಅಮ್ಮ ಬಿದ್ದಾಗ ನಿಜವಾಗ್ಲೂ ಬಿದ್ಲು ಅಂತ ನಿನಗೆ ಗೊತ್ತಾಯ್ತಾ ಇಲ್ವಾ?”

“ಗೊತ್ತಾಯ್ತು.”

“ಗೊತ್ತಿದ್ದೂ?”

“ಮುನ್ನೂರು ಜನ ಇದ್ರು. ನಿಲ್ಲಿಸಿದ್ರೆ ಚದುರಿ ಹೋಗ್ತಿದ್ರು. ಮುಗಿಸಿಬಿಡೋಣ ಅಂದ್ಕೊಂಡೆ.”

“ಥೂ, ನೀನೂ ಒಬ್ಬ ಮನುಷ್ಯನಾ!”

ಆಗ ಹೆಂಡತಿ ದಿಂಬಿನಿಂದ ತಲೆ ಎತ್ತಿದಳು. ಎಡಗೈಯಿಂದ ಮಗಳ ಸೆರಗನ್ನು ಹಿಡಿದು ಎಳೆದು, ಬಾಯಿಯ ಒಂದೇ ಬದಿಯಿಂದ ತನ್ನ ಶಕ್ತಿಯನ್ನೆಲ್ಲ ಹಾಕಿ ಹೇಳತೊಡಗಿದಳು. ನನಗೆ ಪ್ರತಿಯೊಂದು ಪದವೂ ತಿಳಿಯಿತು. “ಅವನಿಗೆ ಗೊತ್ತಿರಲಿಲ್ಲ. ಮುಂದುವರಿಸು ಅಂದಿದ್ದು ನಾನು.” ಎರಡು ಸಲ ಹೇಳಿದಳು.

ಮಗಳು ಬಗ್ಗಿ ಕಿವಿ ಕೊಟ್ಟಳು. ಅವಳಿಗೆ ಅದು ಬರೀ ಗೊರಗೊರ ಸದ್ದು. “ಏನಮ್ಮಾ? ಏನು ಹೇಳ್ತಿದೀಯ?” ಎಂದು ಕೇಳಿ, ತಾಯಿಯಿಂದ ಉತ್ತರ ತಿಳಿಯದೆ, ಬೇರೆ ದಾರಿ ಕಾಣದೆ ತಂದೆಯ ಕಡೆ ನೋಡಿದಳು.

“ಬಾಯಾರಿಕೆ ಅಂತಿದಾಳೆ,” ಎಂದ ಅವನು.

ನಾನು ಸುಮ್ಮನಿದ್ದೆ.

ಅವನು ಕಿಟಕಿಯ ಬಳಿಯಿದ್ದ ಲೋಟ ತಂದು, ಒಂದು ಕೈಯಲ್ಲಿ ಅವಳ ಕತ್ತನ್ನು ಎತ್ತಿ ಹಿಡಿದು, ನೀರನ್ನು ತುಟಿಗೆ ಹಿಡಿದ. ಅವಳು ಅವನನ್ನೇ ದುರುಗುಟ್ಟಿ ನೋಡುತ್ತಾ ಹಲ್ಲು ಕಚ್ಚಿದಳು. ನೀರು ಗದ್ದದಿಂದ ಇಳಿದು ಕತ್ತಿಗೆ ಹರಿಯಿತು. ಅವನು ಲೋಟ ತೆಗೆಯಲಿಲ್ಲ. ಅವಳು ಮಾತಾಡುವುದನ್ನು ಬಿಟ್ಟು ಒಂದು ಗುಟುಕು ನುಂಗುವವರೆಗೆ ಹಾಗೆಯೇ ಹಿಡಿದುಕೊಂಡು ನಿಂತಿದ್ದ.