ಮುಚ್ಚಳದಕ್ಕನ ಮೂಗು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ತರಕಾರಿ ಮಾರುಕಟ್ಟೆಯ ಹಿಂದಿರುವ ಶೆಡ್ಡಿನ ಮುಂದೆ ವ್ಯಾನೊಂದು ಹಿಮ್ಮುಖವಾಗಿ ಬಂದು ನಿಲ್ಲುತ್ತದೆ. ಚಾಲಕ ಇಳಿದು, ಅನ್ನ ತುಂಬಿದ ದೊಡ್ಡ ಪಾತ್ರೆಯನ್ನು ಇಳಿಸಿ, ಮುಚ್ಚಳಕ್ಕೆ ಕೈ ಹಾಕುವಷ್ಟರಲ್ಲಿ ಒಳಗಿನಿಂದ ದನಿ ಬರುತ್ತದೆ. “ಮುಚ್ಚಳ ಮುಟ್ಬೇಡಪ್ಪ, ಬಂದೆ.”

ನೀಲಿ ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತಾ ಬರುವ ಹೆಂಗಸಿಗೆ ಐವತ್ತು ದಾಟಿದೆ. ಮುಚ್ಚಳ ತೆಗೆದು, ಮೊದಲು ಅದರ ಒಳಮೈ ನೋಡುತ್ತಾರೆ. ಪಾತ್ರೆಯ ಅಂಚಿನಲ್ಲಿ ಬೆರಳಾಡಿಸಿ ಅಂಟು ಬಂದಿದೆಯೇ ಎಂದು ಪರೀಕ್ಷಿಸುತ್ತಾರೆ. ತಳದಿಂದ ಒಂದು ಸೌಟು ಅನ್ನ ಮೇಲೆತ್ತಿ ಪುಟ್ಟ ಒಲೆಯ ಮೇಲೆ ಬೆಚ್ಚಗೆ ಮಾಡುತ್ತಾರೆ. “ತಣ್ಣಗಿರೋ ಅನ್ನ ಬಾಯಿ ಬಿಡಲ್ಲ. ಸ್ವಲ್ಪ ಬಿಸಿ ತಾಗಿಸಿದ್ರೆ ನಿಜ ಹೇಳತ್ತೆ” ಎನ್ನುತ್ತಾರೆ. ಆದರೆ ಆವಿಯಾಡುವ ಆ ಸೌಟನ್ನು ತಮ್ಮ ಮೂಗಿನ ಹತ್ತಿರ ಒಯ್ಯುವುದಿಲ್ಲ. ಪಕ್ಕದ ಎತ್ತರದ ಸ್ಟೂಲಿನ ಮೇಲೆ, ಸೊಂಟಕ್ಕೆ ಅಗಲವಾದ ಬೆಲ್ಟು ಬಿಗಿದು ನೆಟ್ಟಗೆ ಕುಳಿತಿರುವ ಗಂಡನ ಮೂಗಿನ ಕೆಳಗೆ ಹಿಡಿಯುತ್ತಾರೆ.

ಅವರು ಕಣ್ಣು ಮುಚ್ಚಿ ಮೂಸುತ್ತಾರೆ. “ಪರವಾಗಿಲ್ಲ.”

“ಪರವಾಗಿಲ್ಲ ಅಂದ್ರೆ ಏನ್ರೀ? ಹೌದೋ ಅಲ್ವೋ ಹೇಳಿ.”

“ಹೌದು ಕಣೇ.”

ಪಾತ್ರೆಯ ಹಿಡಿಗೆ ಹಸಿರು ಚೀಟಿ ಬೀಳುತ್ತದೆ. ಮಧ್ಯಾಹ್ನದೊಳಗೆ ಆ ಅನ್ನ ಆಸ್ಪತ್ರೆಯಲ್ಲಿ ರೋಗಿಗಳ ಜೊತೆಗೆ ಬಂದವರು ಉಣ್ಣುವ ಕೋಣೆಗೋ, ವೃದ್ಧಾಶ್ರಮಕ್ಕೋ ಹೋಗುತ್ತದೆ.

ಚಾಲಕರೆಲ್ಲ ಇವರನ್ನು ಕರೆಯುವುದು ‘ಮುಚ್ಚಳದಕ್ಕ’ ಎಂದು. ಮಿಕ್ಕ ಆಹಾರವನ್ನು ಮೂಸಿ ನೋಡುವ ಕೆಲಸಕ್ಕೆಂದೇ ಸೇರಿದವರು. ಈಗ ಅವರಿಗೆ ವಾಸನೆ ತಿಳಿಯುವುದಿಲ್ಲ. ಆ ಕೆಲಸಕ್ಕೆ ಬಂದದ್ದು ಹೇಗೆ, ನಡುವೆ ಮೂಗು ಕೈಕೊಟ್ಟದ್ದು ಹೇಗೆ, ಆಮೇಲೇನಾಯಿತು ಎಂಬುದನ್ನು ಕೇಳಲು ನಾನು ಮೂರು ಬೆಳಗು ಈ ಶೆಡ್ಡಿನಲ್ಲಿ ಕಳೆದೆ. ಅವರಿಗೆ ಮಾತಿಗೆ ಪುರುಸೊತ್ತಿಲ್ಲ. ಎರಡು ಪಾತ್ರೆಗಳ ನಡುವೆ ಸಿಕ್ಕಿದ್ದಷ್ಟೇ ಮಾತು.

ಇಲ್ಲಿಗೆ ಬರುವ ಮುಂಚೆ ಮುಚ್ಚಳದಕ್ಕ ಮದುವೆ ಹಾಲ್ ಒಂದರಲ್ಲಿ ಪಾತ್ರೆ ತೊಳೆಯುತ್ತಿದ್ದರು. ಗಂಡ ಇದೇ ಮಾರುಕಟ್ಟೆಯಲ್ಲಿ ಮೂಟೆ ಹೊರುತ್ತಿದ್ದವರು. ಒಂದು ದಿನ ಲಾರಿಯಿಂದ ಮೂಟೆ ಜಾರಿ ಸೊಂಟದ ಮೇಲೆ ಬಿತ್ತು. ಅಲ್ಲಿಂದ ಮನೆಯೇ ಅವರ ಪ್ರಪಂಚವಾಯಿತು. ಮಗಳ ಓದು, ಗಂಡನ ಔಷಧಿ ಎಲ್ಲವೂ ಮುಚ್ಚಳದಕ್ಕನ ಕೈಮೇಲೆ ಬಂತು. ಆ ದಿನಗಳ ಬಗ್ಗೆ ಕೇಳಿದರೆ ಕಷ್ಟದ ಮಾತೇ ಎತ್ತುವುದಿಲ್ಲ. ಅವರಿಗೆ ನೆನಪಿರುವುದು ಹಾಲ್‌ನ ಹಿಂದಿನ ಗುಂಡಿ.

“ಊಟ ಮುಗಿದ ಮೇಲೆ ಮಿಕ್ಕಿದ್ದನ್ನೆಲ್ಲ ಆ ಗುಂಡಿಗೆ ಸುರಿದು ಮಣ್ಣು ಮುಚ್ಚಬೇಕಿತ್ತು. ಕೈ ಕೂಡ ಹಾಕಿರದ ಪಾತ್ರೆಗಳು ಇರ್ತಿದ್ವು. ಹೊಗೆ ಆಡ್ತಾ ಇರೋದು. ಇನ್ನೊಬ್ಬರ ಅನ್ನಕ್ಕೆ ಮಣ್ಣು ಹಾಕಬಾರದು ಅಂತಾರಲ್ಲ, ನಾನು ಅದಕ್ಕೇ ಸಂಬಳ ತಗೊಳ್ತಿದ್ದೆ.”

ಒಮ್ಮೆ ಧೈರ್ಯ ಮಾಡಿ ಮಾಲೀಕರನ್ನು ಕೇಳಿದ್ದರಂತೆ, ಎದುರು ರಸ್ತೆಯಲ್ಲಿ ಕಟ್ಟಡದ ಕೆಲಸದವರಿದ್ದಾರೆ, ಕೊಟ್ಟುಬಿಡಲೇ ಎಂದು. ಮಾಲೀಕರು ಕೆಟ್ಟವರಲ್ಲ. “ನನಗೂ ಹೊಟ್ಟೆ ಉರಿಯತ್ತಮ್ಮ” ಎಂದರಂತೆ. “ಆದ್ರೆ ತಿಂದವರಲ್ಲಿ ಒಬ್ಬರಿಗೆ ಹೊಟ್ಟೆ ಕೆಟ್ರೂ ನಾನು ಕೋರ್ಟಿಗೆ ಅಲೀಬೇಕು. ಎಸೆದ್ರೆ ಯಾರೂ ಕೇಳಲ್ಲ.”

ಅಂದಿನ ಕಾನೂನಿನ ಪೂರ್ತಿ ಸಾರಾಂಶ ಆ ಒಂದು ಮಾತಿನಲ್ಲಿತ್ತು. ಕೊಡುವವನಿಗೆ ಭಯ, ಎಸೆಯುವವನಿಗೆ ನೆಮ್ಮದಿ. ಹೊಸ ಕಾನೂನು ಬಂದು ಈ ಲೆಕ್ಕವನ್ನು ತಿರುಗಿಸಿತು. ಒಳ್ಳೆಯ ಮನಸ್ಸಿನಿಂದ, ಹೇಳಿದ ರೀತಿಯಲ್ಲಿ ತಣ್ಣಗಿಟ್ಟು ಆಹಾರ ಕೊಟ್ಟವರ ಮೇಲೆ ಮೊಕದ್ದಮೆ ಹೂಡುವಂತಿಲ್ಲ. ದೊಡ್ಡ ಅಡುಗೆಮನೆಗಳು, ಅಂಗಡಿಗಳು ತಿನ್ನಲು ಯೋಗ್ಯವಾದದ್ದನ್ನು ಕಸಕ್ಕೆ ಹಾಕುವಂತಿಲ್ಲ. ಮಿಕ್ಕಿದ್ದು ಮೊದಲು ಮನುಷ್ಯರಿಗೆ, ಅವರಿಗಾಗದ್ದು ದನಕರುಗಳಿಗೆ, ಅವಕ್ಕೂ ಆಗದ್ದು ಗೊಬ್ಬರಕ್ಕೆ. ಯಾವುದು ಯಾರಿಗೆ ಎಂದು ಹೇಳಲು ಪ್ರತಿ ಸಂಗ್ರಹ ಕೇಂದ್ರದಲ್ಲೂ ತರಬೇತಿ ಪಡೆದ ಒಬ್ಬ ಪರೀಕ್ಷಕರು ಇರಲೇಬೇಕು. ಹಸಿರು, ಹಳದಿ, ಕಂದು ಚೀಟಿಗಳು ಅವರ ಕೈಯಲ್ಲಿ. ಒಂದು ಸಾರಿ ಹಸಿರು ಚೀಟಿ ಬಿದ್ದರೆ ಹೊಣೆ ಕೊಟ್ಟವರದಲ್ಲ, ಕೇಂದ್ರದ್ದು.

ಪರೀಕ್ಷಕರು ಬೇಕಾಗಿದ್ದಾರೆ ಎಂದು ಮೊದಲು ತಿಳಿಸಿದ್ದು ಅದೇ ಮಾಲೀಕರು. ಮುಚ್ಚಳದಕ್ಕ ಗುಂಡಿಯ ಕೆಲಸ ಬಿಟ್ಟು, ತರಬೇತಿ ಪಡೆದು ಈ ಶೆಡ್ಡಿನ ಕೇಂದ್ರಕ್ಕೆ ಬಂದರು. ದಿನಕ್ಕೆ ಮೂವತ್ತು ನಲವತ್ತು ಪಾತ್ರೆ, ಬ್ರೆಡ್ಡಿನ ಟ್ರೇಗಳು, ಹಾಲಿನ ಕ್ರೇಟುಗಳು, ಮೂಲೆ ಜಜ್ಜಿಹೋದ ಹಣ್ಣಿನ ಪೆಟ್ಟಿಗೆಗಳು. ಮೊದಲ ದಿನ ಮನೆಗೆ ಹೋಗಿ ಗಂಡನಿಗೆ ಹೇಳಿದ್ದು ಇಷ್ಟೇ. “ಇವತ್ತು ಏನೂ ಹೂತಿಲ್ಲ.”

ಚಾಲಕರ ಜೊತೆ ಇವರದು ಅಕ್ಕ ತಮ್ಮಂದಿರ ಜಗಳ. “ಅಕ್ಕ, ಬೇಗ ಬಿಡಿ, ಇನ್ನೂ ಎರಡು ಕಡೆ ಹೋಗಬೇಕು” ಎಂದು ಅವರು ಗೋಗರೆಯುತ್ತಾರೆ. “ನಿನ್ನ ವ್ಯಾನ್ ಓಡಿಸೋಕೆ ನಾನು ಬರ್ತೀನಾ? ನನ್ನ ಪಾತ್ರೆಗೆ ನೀನು ಬರಬೇಡ” ಎಂದು ಇವರು ಗದರುತ್ತಾರೆ. ಗದರಿದ ಬೆನ್ನಲ್ಲೇ ಅವರಿಗೆ ಚಹಾ ಬರುತ್ತದೆ.

ಹೀಗೆ ಕೆಲವು ವರ್ಷ ಸಲೀಸಾಗಿ ನಡೆದ ಮೇಲೆ ಮುಚ್ಚಳದಕ್ಕನಿಗೆ ಜ್ವರ ಬಂತು. ವಾರದಲ್ಲಿ ಇಳಿಯಿತು. ಬಾಯಿ ಸಪ್ಪೆ ಅನ್ನಿಸುತ್ತಿತ್ತು, ಜ್ವರದ ಬಾಯಿ ಇರಬೇಕು ಎಂದುಕೊಂಡು ಕೆಲಸಕ್ಕೆ ಬಂದರು. ಅವತ್ತು ದೊಡ್ಡದೊಂದು ಸಮಾರಂಭದಿಂದ ಹತ್ತಾರು ಪಾತ್ರೆ ಬಂದಿದ್ದವು. ಮೊದಲ ಮುಚ್ಚಳ ತೆಗೆದರು.

“ಖಾಲಿ ಪಾತ್ರೆ ತೆಗೆದ ಹಾಗಾಯ್ತು. ಕಣ್ಣಿಗೆ ಅನ್ನ ಕಾಣ್ತಿದೆ, ಮೂಗಿಗೆ ಏನೂ ಇಲ್ಲ. ಎರಡನೇದು ತೆಗೆದೆ, ಮೂರನೇದು ತೆಗೆದೆ. ಬಚ್ಚಲಿಗೆ ಹೋಗಿ ಫಿನಾಯಿಲ್ ಡಬ್ಬಿ ಮುಚ್ಚಳ ತೆಗೆದು ಮೂಸಿದೆ. ನೀರಿನ ಹಾಗಿತ್ತು.”

ಬಚ್ಚಲಿನಲ್ಲಿ ಅವರು ಎಷ್ಟು ಹೊತ್ತು ನಿಂತಿದ್ದರೋ ಅವರಿಗೇ ಗೊತ್ತಿಲ್ಲ. ಹೊರಗೆ ವ್ಯಾನು ಕಾಯುತ್ತಿತ್ತು. ಆಸ್ಪತ್ರೆಯಿಂದ ಎರಡು ಸಲ ಫೋನ್ ಬಂದಿತ್ತು. ಅನ್ನ ನೋಡಲು ಬೆಳ್ಳಗೆ ಉದುರುದುರಾಗಿತ್ತು, ಅಂಟಿರಲಿಲ್ಲ. ಹಸಿರು ಚೀಟಿ ಕಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಕಟ್ಟದಿದ್ದರೆ ಯಾಕೆಂದು ಹೇಳಬೇಕು. ಹೇಳಿದರೆ, ಮೂಗಿಲ್ಲದ ಪರೀಕ್ಷಕಿಯನ್ನು ಇಟ್ಟುಕೊಳ್ಳುವವರು ಯಾರು?

ಹೊರಗೆ ಬಂದು ಎಲ್ಲ ಪಾತ್ರೆಗಳಿಗೂ ಹಳದಿ ಚೀಟಿ ಕಟ್ಟಿದರು. ಅಂದರೆ ದನಗಳಿಗೆ.

ಚಾಲಕ ಕಂಗಾಲಾದ. “ಇಷ್ಟು ಚೆನ್ನಾಗಿರೋ ಅನ್ನ ಅಕ್ಕ. ನಾನೇ ಮೂಸಿ ನೋಡಿದೆ, ಏನೂ ಆಗಿಲ್ಲ.”

“ಚೆನ್ನಾಗಿದೆ ಅಂತ ನನಗೆ ಗೊತ್ತಾಗ್ತಿಲ್ಲ ಕಣಪ್ಪ. ಕಲಿತಿರೋದು ನಾನು, ನೀನಲ್ಲ. ನನಗೆ ಗೊತ್ತಾಗದೇ ಇರೋದನ್ನ ಇನ್ನೊಬ್ಬರ ತಟ್ಟೆಗೆ ಹೇಗೆ ಹಾಕ್ಲಿ?”

ಅಂದು ಆಸ್ಪತ್ರೆಗೂ ವೃದ್ಧಾಶ್ರಮಕ್ಕೂ ಹೋದದ್ದು ಬರೀ ಬ್ರೆಡ್ಡು ಮತ್ತು ಹಣ್ಣು. ಮುಚ್ಚಳದಕ್ಕ ನೇರ ಕೇಂದ್ರದ ಮೇಲ್ವಿಚಾರಕಿಯ ಕೋಣೆಗೆ ಹೋಗಿ ಚೀಟಿಯ ಕಟ್ಟನ್ನು ಮೇಜಿನ ಮೇಲಿಟ್ಟು ವಿಷಯ ಹೇಳಿದರು. ಆಮೇಲೆ ಪಾತ್ರೆ ತೊಳೆಯುವ ಕಲ್ಲಿನ ಹತ್ತಿರ ಕುಳಿತು ಅತ್ತರು. ಮೂಗಿಗಾಗಿ ಅತ್ತದ್ದಲ್ಲ ಎನ್ನುತ್ತಾರೆ. “ಅಷ್ಟು ಅನ್ನ. ಅಷ್ಟು ಜನ ಕಾಯ್ತಿದ್ರು.” ಮರುದಿನ ಚಾಲಕ ಬಂದು, ಕೊಟ್ಟಿಗೆಯವರೂ ಮೂಸಿ ನೋಡಿದರಂತೆ, ಅನ್ನ ಚೆನ್ನಾಗಿಯೇ ಇತ್ತಂತೆ ಎಂದು ಹೇಳಿದಾಗ ಸಂಕಟ ಇನ್ನೂ ಹೆಚ್ಚಾಯಿತು. “ಆದ್ರೂ ನಾಳೆ ಮತ್ತೆ ಹಾಗೇ ಆದ್ರೆ ಹಳದೀನೇ ಕಟ್ತೀನಿ” ಎನ್ನುವಾಗ ಅವರ ದನಿಯಲ್ಲಿ ಗಟ್ಟಿತನಕ್ಕಿಂತ ಬೇಸರವೇ ಹೆಚ್ಚು.

ನಿಯಮದ ಪ್ರಕಾರ ಅವರನ್ನು ಪರೀಕ್ಷಕಿಯ ಸ್ಥಾನದಿಂದ ತೆಗೆಯಲೇಬೇಕಾಯಿತು. ಬೇರೆ ಕೇಂದ್ರದ ಪರೀಕ್ಷಕರೊಬ್ಬರು ಬಿಡುವು ಮಾಡಿಕೊಂಡು ಬಂದು ಹೋಗುತ್ತಿದ್ದರು. ಮುಚ್ಚಳದಕ್ಕ ಮತ್ತೆ ಪಾತ್ರೆ ತೊಳೆಯಲು ಕುಳಿತರು. ಸಂಬಳ ಇಳಿಯಿತು. ವೈದ್ಯರು, ವಾಸನೆ ಬಂದರೆ ಬರಬಹುದು, ಇಂಥ ದಿನ ಎಂದು ಹೇಳಲಾಗುವುದಿಲ್ಲ ಎಂದರು.

ಮುಂದಿನ ತಿರುವು ಬಂದದ್ದು ಮನೆಯ ಊಟದ ಹೊತ್ತಿಗೆ. ಹಿಂದಿನ ದಿನದ ಬೇಳೆ ಬಿಸಿ ಮಾಡಿ ಬಡಿಸಿದ್ದರು. ಗಂಡ ಎಂದಿನಂತೆ ತಟ್ಟೆಯನ್ನು ಮೂಗಿನ ಹತ್ತಿರ ಎತ್ತಿದರು. ಪಕ್ಕಕ್ಕೆ ಸರಿಸಿದರು. “ಇದು ಹಳಸಿದೆ ಕಣೇ.”

“ಮದುವೆಯಾದಾಗಿನಿಂದ ಇದೇ ಕತೆ” ಎಂದು ಮುಚ್ಚಳದಕ್ಕ ನನಗೆ ದೂರು ಹೇಳುತ್ತಾರೆ. “ತಟ್ಟೆ ಇಟ್ಟರೆ ಮೊದಲು ಮೂಸೋದು. ಎಷ್ಟು ಸಲ ಮೈ ಉರಿದಿದೆ. ಅವತ್ತೂ ಬಯ್ಯೋಕೆ ಬಾಯಿ ತೆಗೆದೆ. ಬಯ್ಗುಳ ಅಲ್ಲೇ ನಿಂತುಹೋಯ್ತು. ಇವರು ಹೇಳಿದ್ದು ನಿಜ ಇರಬಹುದಲ್ವಾ ಅನ್ನಿಸ್ತು.”

ಮಗಳನ್ನು ಕರೆದು ಮೂಸಿಸಿದರು. ಹೌದಮ್ಮ, ಸ್ವಲ್ಪ ಹುಳಿ ವಾಸನೆ ಬರುತ್ತಿದೆ ಎಂದಳು.

“ನಾಳೆ ನನ್ನ ಜೊತೆ ಬನ್ನಿ” ಎಂದರು ಗಂಡನಿಗೆ.

“ನಾನು ಬಂದು ಏನು ಮಾಡ್ಲಿ? ಬಗ್ಗೋಕಾಗಲ್ಲ, ಎತ್ತೋಕಾಗಲ್ಲ.”

“ಎತ್ತೋದು ಬಗ್ಗೋದು ನಾನು ಮಾಡ್ತೀನಿ. ನೀವು ಮೂಗು ತಂದ್ರೆ ಸಾಕು.”

ಮನೆಯಿಂದ ಹೊರಗೆ ಕೆಲಸಕ್ಕೆಂದು ಕಾಲಿಡದೆ ಅವರಿಗೆ ಆಗಲೇ ಹತ್ತು ವರ್ಷವಾಗಿತ್ತು. ಅಂದು ಹೆಂಡತಿ ಕರೆದಾಗ ಹೇಗನಿಸಿತು ಎಂದು ಕೇಳಿದೆ. ಬೆಲ್ಟು ಸರಿಮಾಡಿಕೊಂಡರು. “ಬೆಳಗ್ಗೆ ನಾನೇ ಮೊದಲು ಎದ್ದೆ. ಶೇವ್ ಮಾಡಿಕೊಂಡೆ” ಎಂದರು. ಅಷ್ಟೇ.

ಮೇಲ್ವಿಚಾರಕಿ ಅವರನ್ನು ಪರೀಕ್ಷಕರ ತರಬೇತಿಗೆ ಸೇರಿಸಿದರು. ಅದರ ಕೊನೆಯ ಪರೀಕ್ಷೆಯಲ್ಲಿ ಮೊದಲ ಸಲ ಅವರು ಫೇಲಾದರು. ಮುಂದಿಟ್ಟ ಬಟ್ಟಲುಗಳನ್ನೆಲ್ಲ ಬೇಡ ಎಂದು ತಳ್ಳಿಬಿಟ್ಟಿದ್ದರು. ಅವುಗಳಲ್ಲಿ ಒಂದು ಆಗಷ್ಟೇ ಬೇಯಿಸಿದ ಪಲ್ಯ. ಅದಕ್ಕೇನಾಗಿದೆ ಎಂದು ಕೇಳಿದರೆ “ಒಗ್ಗರಣೆ ಸೀದಿದೆ” ಎಂದರಂತೆ. “ಹಳಸಿದ್ದು ಬೇರೆ, ರುಚಿ ಕೆಟ್ಟಿದ್ದು ಬೇರೆ ಅಂತ ಇವರ ತಲೆಗೆ ತುಂಬೋ ಹೊತ್ತಿಗೆ ನನಗೆ ಸಾಕುಸಾಕಾಯ್ತು” ಎಂದು ಮುಚ್ಚಳದಕ್ಕ ನಗುತ್ತಾರೆ. ಎರಡನೇ ಸಲ ಪಾಸಾದರು. “ಇಷ್ಟು ವರ್ಷ ನನ್ನ ಅಡುಗೆಗೆ ಬಿಟ್ಟಿಯಾಗಿ ಮೂಗು ಮುರೀತಿದ್ರು. ಈಗ ಸಂಬಳ ಕೊಡ್ತಾರೆ.”

ಆದರೆ ಗಂಡ ಪಾಸಾದರೆ ಹೆಂಡತಿಯ ಜಾಗ ಅವರದಾಗುತ್ತದೆ, ಅಷ್ಟೇ. ಇಬ್ಬರೂ ಕೂಡಿ ನೋಡಲು ನಿಯಮದಲ್ಲಿ ಜಾಗವಿರಲಿಲ್ಲ. ಅದಕ್ಕಾಗಿ ಓಡಾಡಿದವರು ಮೇಲ್ವಿಚಾರಕಿ. ಮಿತಭಾಷಿಯಾದ ಈ ಯುವತಿ ಆಹಾರ ಇಲಾಖೆಯ ಮೆಟ್ಟಿಲು ಹತ್ತಿ ಇಳಿದು ಅಧಿಕಾರಿಗಳನ್ನು ಶೆಡ್ಡಿಗೇ ಕರೆತಂದರು. “ಅವತ್ತು ಅವರು ಬಾಯಿ ಮುಚ್ಕೊಂಡು ಇದ್ದಿದ್ರೆ ಕೆಲಸ ಉಳೀತಿತ್ತು. ಹೇಳಿದ್ದಕ್ಕೆ ಹೋಯ್ತು” ಎನ್ನುತ್ತಾರೆ ಮೇಲ್ವಿಚಾರಕಿ. “ನಿಜ ಹೇಳಿದವರಿಗೇ ನಷ್ಟ ಆಗೋ ಹಾಗೆ ನಿಯಮ ಬರೆದ್ರೆ, ಮುಂದೆ ಯಾರು ಹೇಳ್ತಾರೆ? ಆಗ ತಿನ್ನೋರ ಗತಿ ಏನು? ಅಷ್ಟೇ ನಾನು ಕೇಳಿದ್ದು.”

ಇಲಾಖೆ ತಕ್ಷಣವೇನೂ ಕರಗಲಿಲ್ಲ. ಮಳೆಗಾಲ ಕಳೆದು ಚಳಿ ಬಂದ ಮೇಲೆ ತಿದ್ದುಪಡಿ ಬಂತು. ಬೇಯಿಸಿದ ಆಹಾರವನ್ನು ಇಬ್ಬರು ಪರೀಕ್ಷಕರು ಒಟ್ಟಿಗೆ ನೋಡಬೇಕು. ಇಬ್ಬರಲ್ಲಿ ಯಾರೇ ಬೇಡ ಎಂದರೂ ಅದು ಮನುಷ್ಯರ ತಟ್ಟೆಗೆ ಹೋಗಬಾರದು. ಪರೀಕ್ಷಕರಿಗೆ ಕಣ್ಣಿನದೋ ಮೂಗಿನದೋ ತೊಂದರೆಯಾಗಿ, ಅವರಾಗಿಯೇ ಹೇಳಿಕೊಂಡರೆ ಕೆಲಸದಿಂದ ತೆಗೆಯಬಾರದು, ಸಂಬಳ ಇಳಿಸಬಾರದು. ಈ ನಿಯಮ ಈಗ ಎಲ್ಲ ಕೇಂದ್ರಗಳಿಗೂ ಅನ್ವಯಿಸುತ್ತದೆ. ಅದು ಎಲ್ಲಿಂದ ಹುಟ್ಟಿತೆಂದು ಆ ಹಾಳೆಯಲ್ಲಿ ಎಲ್ಲೂ ಇಲ್ಲ. ಮುಚ್ಚಳದಕ್ಕನನ್ನು ಕೇಳಿದರೆ, “ಅದೆಲ್ಲ ಮೇಡಂ ಮಾಡಿದ್ದು” ಎಂದು ಕೈ ತೊಳೆಯಲು ಹೊರಡುತ್ತಾರೆ.

ಈಗ ಕಣ್ಣು, ಕೈ ಹೆಂಡತಿಯದು, ಮೂಗು ಗಂಡನದು. ಜಗಳ ಇಬ್ಬರದು. ಪಾತ್ರೆ ಕಡಿಮೆಯಿದ್ದ ಹೊತ್ತಿನಲ್ಲಿ ಇಬ್ಬರೂ ಒಂದೇ ಲೋಟದ ಚಹಾ ಹಂಚಿಕೊಂಡು ಕುಡಿಯುತ್ತಾರೆ. ಗಂಡ ಪರಿಮಳ ಹೇಗಿದೆ ಎಂದು ಹೇಳುತ್ತಾರೆ, ಇವರು ಕೇಳಿಸಿಕೊಳ್ಳುತ್ತಾ ಗುಟುಕರಿಸುತ್ತಾರೆ. ಇತ್ತೀಚೆಗೆ ಮುಚ್ಚಳದಕ್ಕನಿಗೆ ಒಂದು ವಾಸನೆ ಮರಳಿದೆ. ಗಂಡ ಸೊಂಟಕ್ಕೆ ಹಚ್ಚಿಕೊಳ್ಳುವ ನೋವಿನ ಎಣ್ಣೆಯದು. “ಪ್ರಪಂಚದಲ್ಲಿ ಅಷ್ಟೊಂದು ವಾಸನೆ ಇರುವಾಗ ಇದೇ ಮೊದಲು ಬರಬೇಕಿತ್ತಾ?” ಎಂದು ಗೊಣಗುತ್ತಾರೆ. ಗೊಣಗುವಾಗ ಸ್ಟೂಲಿಗೆ ಇನ್ನಷ್ಟು ಹತ್ತಿರ ನಿಂತಿರುತ್ತಾರೆ.

ಮೂರನೇ ದಿನ ಹೊರಡುವ ಮುನ್ನ, ನೀವು ಹಸಿರು ಚೀಟಿ ಕಟ್ಟಿದ ಊಟ ಮಾಡುವವರನ್ನು ಯಾವತ್ತಾದರೂ ನೋಡಿದ್ದೀರಾ ಎಂದು ಕೇಳಿದೆ. ಒಮ್ಮೆ ಆಸ್ಪತ್ರೆಗೆ ಹೋಗಿದ್ದಾಗ ಆ ಊಟದ ಕೋಣೆಯ ಬಾಗಿಲಲ್ಲಿ ನಿಂತಿದ್ದರಂತೆ. ಒಳಗೆ ಸಾಲಾಗಿ ಕುಳಿತವರು ತಲೆ ತಗ್ಗಿಸಿ ಉಣ್ಣುತ್ತಿದ್ದರು. ಒಬ್ಬರು ತಲೆಯೆತ್ತಿ, ದಾರಿ ಬಿಡಮ್ಮ ಎಂದರು. ಇವರು ಸರಿದು ನಿಂತರು.

“ನೀವು ಯಾರು ಅಂತ ಅವರಿಗೆ ಹೇಳಬೇಕು ಅನ್ನಿಸಲಿಲ್ವಾ?”

ಮುಚ್ಚಳದಕ್ಕ ತೊಳೆದ ಸೌಟನ್ನು ಮೊಳೆಗೆ ತಗುಲಿಸಿದರು.

“ಯಾಕೆ? ಅವರ ಹೊಟ್ಟೆ ಕೆಟ್ಟಿದ್ರೆ ನಾನು ಯಾರು ಅಂತ ಎಲ್ಲರಿಗೂ ಗೊತ್ತಾಗಿರೋದು.”