ಸಂಘ ಹುಟ್ಟಿದ ದಿನ

ನಮ್ಮ ಸರ್ ಅವರ ಬಲಗಿವಿಯ ಮೇಲೆ ಸದಾ ಒಂದು ಸೀಮೆಸುಣ್ಣದ ತುಂಡು ಇರುತ್ತಿತ್ತು, ಬೀಡಿ ಸೇದುವವರು ಬೀಡಿ ಸಿಕ್ಕಿಸಿಕೊಂಡ ಹಾಗೆ. ಅದನ್ನು ಮರೆತು ಬಸವಕಲ್ಯಾಣದ ಪೇಟೆಯಲ್ಲೆಲ್ಲ ಓಡಾಡುತ್ತಿದ್ದರು. "ಸರ್, ಕಿವಿ ನೋಡ್ಕೊಳ್ರಿ" ಎಂದರೆ, "ಇರ್ಲಿ ಬಿಡವಾ, ಮಾಸ್ತರ ಅಂತ ಗುರ್ತು ಸಿಗಬೇಕಲ್ಲ" ಎನ್ನುತ್ತಿದ್ದರು.

ಕಾಲೇಜಿನಲ್ಲಿ ನಮಗೆ ಮನಶ್ಶಾಸ್ತ್ರ ಕಲಿಸಿದವರು ಅವರು. ಮೊದಲ ದಿನವೇ ಜವಾನ ತರಗತಿಗೆ ನುಗ್ಗಿ, ಸರ್ ಜೊತೆ ಜೋರು ಜಗಳ ತೆಗೆದು, ಡಸ್ಟರ್ ಕಿತ್ತುಕೊಂಡು ಹೋದ. ನಮಗೆಲ್ಲ ಗಾಬರಿ. ಸರ್ ನಗುತ್ತ, "ಈಗ ಏನಾತು, ಬರೀರಿ" ಎಂದರು. ಗೆಳತಿ ಜವಾನನ ಅಂಗಿ ಖಾಕಿ ಎಂದು ಬರೆದಳು, ನಾನು ಬಿಳಿ ಎಂದೆ. ಅಯ್ಯೋ, ಅದು ನೀಲಿಯಾಗಿತ್ತು! "ಯಾರೂ ಝೂಟ್ ಹೇಳಿಲ್ಲ. ಆದ್ರೂ ಎಲ್ಲಾರದೂ ಗಲತ್. ನೆನಪು ಅಂದ್ರ ಇಷ್ಟೇ ನೋಡ್ರಿ" ಎಂದರು.

ಇಂಥವರಿಗೆ ತಮ್ಮ ಒಂದು ನೆನಪಿನ ಮೇಲೆ ಮಾತ್ರ ಬೆಟ್ಟದಷ್ಟು ಭರವಸೆ. ದೇಶದ ಮನಶ್ಶಾಸ್ತ್ರಜ್ಞರು ಹೈದರಾಬಾದಿನಲ್ಲಿ ಸೇರಿ ತಮ್ಮ ರಾಷ್ಟ್ರೀಯ ಸಂಘ ಕಟ್ಟಿದ ಮೊದಲ ಸಭೆಯ ನೆನಪು ಅದು. ಯಾರು ಸದಸ್ಯರಾಗಬೇಕೆಂದು ಪಾಠ ಹೇಳುವವರೂ ಆಸ್ಪತ್ರೆಯವರೂ ಕಿತ್ತಾಡಿದ್ದು, ನಿಂತುಹೋದ ಫ್ಯಾನು, ಸಕ್ಕರೆಯ ಬದಲು ಉಪ್ಪು ಬಿದ್ದ ಚಹಾ, ಎಲ್ಲವನ್ನೂ ನಗುನಗುತ್ತ ಹೇಳುತ್ತಿದ್ದರು. "ಮೂರನೇ ಬೆಂಚಿನ್ಯಾಗ ನಾನಿದ್ದೆ" ಎನ್ನುವಾಗ ಎದೆ ಉಬ್ಬುತ್ತಿತ್ತು. ನಿವೃತ್ತರಾಗುವವರೆಗೂ ಹುಮನಾಬಾದ್, ಬೀದರ್ ಕಾಲೇಜುಗಳಿಗೆ ಅಲೆದಲೆದು ಸಂಘಕ್ಕೆ ಸದಸ್ಯರನ್ನು ಮಾಡಿಸಿದರು. ನನ್ನ ಅರ್ಜಿ ತುಂಬಿದ್ದೂ ಅವರೇ.

ಈಚೆಗೆ ಸಂಘ ತನ್ನ ಚರಿತ್ರೆ ಬರೆಸಲು ಹೊರಟಿತು. ಹುಮನಾಬಾದಿನಲ್ಲಿ ಆಪ್ತಸಮಾಲೋಚಕಿಯಾಗಿರುವ ನನ್ನ ಪಾಲಿಗೆ ಸ್ಥಾಪಕರ ಅಧ್ಯಾಯ ಬಂತು. ಸರ್ ಹಿಗ್ಗಿಹೋದರು. ಆಗಲೇ ಅವರಿಗೆ ಎರಡು ಸಲ ಹೃದಯಾಘಾತವಾಗಿತ್ತು. "ನನ್ನ ಹೆಸರು ಅಚ್ಚಾಗೋದು ನೋಡೇ ಸಾಯ್ತೀನಿ ತಗೊ" ಎಂದರು.

ಸಂಘದ ಕಚೇರಿಯವರು ಮೊದಲ ಸಭೆಯ ಹಾಜರಿ ಪುಟದ ಫೋಟೊ ಮೊಬೈಲಿಗೆ ಕಳಿಸಿದರು. ಮೂರು ಸಲ ನೋಡಿದೆ. ಸರ್ ಹೆಸರಿಲ್ಲ. ಆಮೇಲೆ ಕೇಳಿ ತರಿಸಿಕೊಂಡ ಎರಡನೇ ವರ್ಷದ ಪುಟದಲ್ಲಿ ಅದಿತ್ತು. ದೀಪದ ಬುಡದಲ್ಲೇ ಕತ್ತಲೆ ಎನ್ನುತ್ತಾರಲ್ಲ, ಹಾಗಾಯಿತು. ಸುಮ್ಮನೆ ಸೇರಿಸಿಬಿಡೋಣ, ಯಾರ ಗಂಟೇನು ಹೋಗುತ್ತದೆ ಎಂದುಕೊಂಡೆ. ಆದರೆ ಅವರ ಶಿಷ್ಯೆಯಾಗಿ ಕೈ ಏಳಲಿಲ್ಲ. ಬಸ್ಸು ಹತ್ತಿ ಬಸವಕಲ್ಯಾಣದ ಅವರ ಮನೆಗೆ ಹೋಗಿ, ತಡವರಿಸುತ್ತ ಫೋಟೊ ತೋರಿಸಿದೆ.

"ಹ್ಯಾಂಗ ಸಾಧ್ಯ? ನಾ ಅಲ್ಲೇ ಇದ್ದೆ!" ಎಂದು ಸಿಡುಕಿದರು. ಅವರು ನನ್ನ ಮೇಲೆ ಸಿಟ್ಟಾದದ್ದು ಅದೊಂದೇ ಸಲ.

ಅಲ್ಲೇ ಜೋಳ ಹಸನು ಮಾಡುತ್ತಿದ್ದ ಅವರ ಹೆಂಡತಿ, ನಾವೆಲ್ಲ ಅವ್ವಾರು ಎನ್ನುತ್ತಿದ್ದವರು, ಮೊರ ಕೆಳಗಿಟ್ಟರು.

"ನೀವು ಹೋಗಿರ್ಲಿಲ್ರಿ" ಎಂದರು ಮೆಲ್ಲಗೆ. "ಹುಮನಾಬಾದ್ ಬಸ್ ಸ್ಟ್ಯಾಂಡಿನಿಂದನೇ ಹೊಳ್ಳಿ ಬಂದ್ರಿ. ನನಗ ದಿನಾ ತುಂಬೂಕಿಂತ ಮೊದಲ ಬ್ಯಾನಿ ಸುರು ಆಗಿತ್ತು, ನಮ್ಮಣ್ಣ ಹಿಂದಿನ ಬಸ್ಸಿಗೇ ಬಂದು ನಿಮಗ ಹೇಳಿದ. ಅವತ್ತೇ ನಮ್ಮ ಮೊದಲನೇ ಕೂಸು ಹೋತು. ಸಭಾದ ಸುದ್ದಿ ಎಲ್ಲಾ ಅಲ್ಲಿಗೆ ಹೋಗಿದ್ದ ನಿಮ್ಮ ದೋಸ್ತ ವಾರ ಆದಮ್ಯಾಲ ಬಂದು ಹೇಳಿದ್ರು. ನೀವು ಇಲ್ಲೇ, ನನ್ನ ಹಾಸಿಗಿ ಬಾಜೂಕ ಕುಂತು ಕೇಳಿದ್ರಿ."

ಸರ್ ಫೋಟೊ ಮತ್ತೊಮ್ಮೆ ನೋಡಿ ಮೊಬೈಲು ನನ್ನ ಕೈಗೆ ಕೊಟ್ಟರು. ಆಮೇಲೆ, "ಇಷ್ಟು ವರ್ಷ ಯಾಕ ಹೇಳ್ಲಿಲ್ಲ?" ಎಂದರು.

"ಆ ದಿನದ ಮಾತು ಹೇಳೋವಾಗ ನೀವು ನಗತಿದ್ರಿ. ನಗ್ಲಿ ಅಂತ ಸುಮ್ಮನಿದ್ದೆ."

ಸರ್ ಹೆಂಡತಿಯನ್ನೇ ನೋಡುತ್ತಿದ್ದರು. "ನನ್ನ ಹೆಸರು ಹಾಕಬ್ಯಾಡವಾ" ಎಂದರು ಕೊನೆಗೆ. "ಅವತ್ತು ನಾ ಮನ್ಯಾಗಿದ್ದೆ."

ಪುಸ್ತಕ ಅಚ್ಚಾಗುವ ಮೊದಲೇ ಸರ್ ಹೋಗಿಬಿಟ್ಟರು. ಈಗ ನನ್ನೆದುರು ಕೂತು ಹಳೆಯದನ್ನು ಹೇಳಿಕೊಳ್ಳುವವರನ್ನು ನಾನು ಅವಸರದಿಂದ ತಿದ್ದುವುದಿಲ್ಲ. ಅಷ್ಟು ಕಲಿಸಿದ ಆ ಇಬ್ಬರ ಋಣ ನನ್ನ ಮೇಲಿದೆ.

ಮೊದಲ ಪ್ರತಿಯನ್ನು ಅವ್ವಾರಿಗೇ ಕೊಟ್ಟೆ. ಪುಸ್ತಕ ಇಂಗ್ಲಿಷಿನದು, ಆ ಅಕ್ಷರ ಅವರಿಗೆ ಬಾರದು. ಸ್ಥಾಪಕರ ಹೆಸರುಗಳನ್ನು ಒಂದೊಂದಾಗಿ ನನ್ನಿಂದ ಓದಿಸಿ ಕೇಳಿದರು.

"ಇವರ ಹೆಸರು ಇಲ್ಲಲ್ಲ?"

"ಇಲ್ರಿ ಅವ್ವಾರ."

"ಛಲೋ ಆತು" ಎಂದು ಆ ಪುಟದ ಮೇಲೆ ಕೈಯಾಡಿಸಿದರು. "ಅವತ್ತು ನನ್ನ ಬಾಜೂಕ ಇದ್ರು ಅಂತ ಬರದಂಗೇ ಆತು."