ಸಮ ಗಾತ್ರದ ಹದಿನಾರು ರೊಟ್ಟಿ

"ನಮ್ಮ ಸೊಸೆ ಕೆಮಿಸ್ಟ್ರಿಯಲ್ಲಿ ಎಂ.ಎಸ್ಸಿ." ಎಂದು ನೆಂಟರಿಗೆ ಹೇಳುವಾಗ ಸಫಿಯಮ್ಮನ ಮುಖ ಅರಳುತ್ತದೆ. ಆ ಹೊತ್ತಿಗೆ ಸೊಸೆ ಫಸೀಲಾ ಅವರಿಗೆ ಚಹಾ ತರುತ್ತಿರುತ್ತಾಳೆ.

ಎಲ್ಲೂರಿನಲ್ಲಿ ಹುಟ್ಟಿದ ಫಸೀಲಾ ಕಾಪುವಿನ ಈ ಮನೆಗೆ ಬಂದು ಎಂಟು ವರ್ಷವಾಯಿತು. ದುಬೈಯಲ್ಲಿರುವ ಗಂಡ ರಮೀಝ್ ಪ್ರತಿ ರಜೆಯಲ್ಲೂ "ಕೆಲಸಕ್ಕೆ ಹೋಗು, ನನ್ನದೇನೂ ಅಡ್ಡಿ ಇಲ್ಲ" ಎಂದು ಹೇಳಿ ಹೋಗುತ್ತಾನೆ. ಬನ್ನಂಜೆಯ ಒಂದು ಪಿಯು ಕಾಲೇಜು ಎರಡು ಸಲ ಅವಳನ್ನು ಉಪನ್ಯಾಸಕಿ ಕೆಲಸದ ಮಾದರಿ ಪಾಠಕ್ಕೆ ಕರೆದಿತ್ತು, ಎರಡು ಸಲವೂ ಹೋಗಲಾಗಲಿಲ್ಲ. ಒಮ್ಮೆ ಅತ್ತೆಯ ಕಣ್ಣಿನ ಆಪರೇಷನ್, ಇನ್ನೊಮ್ಮೆ ನಾದಿನಿ ರಿಝಾನಾಳ ಮದುವೆ. ಮೂರನೆಯ ಸಲ ಕರೆದದ್ದು ಒಂದು ಗುರುವಾರ ಮಧ್ಯಾಹ್ನ ಮೂರರ ಪಾಠಕ್ಕೆ. ಅದೇ ಗುರುವಾರ ಹೊಸ ಅಳಿಯ ಸಫ್ರಾಝ್ ರಿಝಾನಾಳೊಂದಿಗೆ ಊಟಕ್ಕೆ ಬರುವವನಿದ್ದ.

"ಬಡಿಸಿ ಹೋಗು. ನಾನು ಬೇಡ ಅಂದೆನಾ?" ಎಂದರು ಸಫಿಯಮ್ಮ.

ಪಾಠದ ವಿಷಯ, ಇಂಗಾಲದ ಹೈಬ್ರಿಡೈಸೇಶನ್. ಓದಲು ಬೇರೆ ಹೊತ್ತು ಸಿಗದೆ ಫಸೀಲಾ ರೊಟ್ಟಿ ಹಿಟ್ಟಿನೆದುರೇ ಪಾಠ ಶುರು ಮಾಡಿದಳು. ಆ ಮನೆಯಲ್ಲಿ ಗಂಡಸರ ರೊಟ್ಟಿಗೆ ಮುಷ್ಟಿ ತುಂಬುವ ಉಂಡೆ, ಹೆಂಗಸರದಕ್ಕೆ ಅದರ ಅರ್ಧ. ಯಾರೂ ಹೇಳಿಕೊಟ್ಟದ್ದಲ್ಲ, ಕೈಗೆ ಬಂದದ್ದು. ಸಾಲಾಗಿಟ್ಟ ಉಂಡೆಗಳಲ್ಲಿ ಒಂದು ದೊಡ್ಡದನ್ನೂ ಮೂರು ಚಿಕ್ಕದನ್ನೂ ಎತ್ತಿಕೊಂಡಳು.

"ಮಕ್ಕಳೇ, ಆರ್ಬಿಟಲ್ ಅಂದರೆ ಎಲೆಕ್ಟ್ರಾನ್ ಓಡಾಡುವ ಜಾಗ. ಇದು ಎಸ್ ಆರ್ಬಿಟಲ್, ಈ ಮೂರು ಪಿ. ಇವುಗಳ ಶಕ್ತಿ ಬೇರೆ, ಆಕಾರ ಬೇರೆ. ಆದರೆ ಮೀಥೇನ್‌ನಲ್ಲಿ ಇಂಗಾಲದ ನಾಲ್ಕು ಬಂಧಗಳೂ ಒಂದೇ ತರಹ. ಹೇಗೆ?" ನಾಲ್ಕನ್ನೂ ಒಟ್ಟಿಗೆ ನಾದಿ ನಾಲ್ಕು ಸಮಪಾಲು ಮಾಡಿದಳು. "ನಾಲ್ಕು ಬೆರೆಸಿದರೆ ನಾಲ್ಕೇ ಸಿಗುವುದು. ಈಗ ಎಲ್ಲ ಸಮ, ಇದೇ ಹೈಬ್ರಿಡೈಸೇಶನ್. ಪ್ರತಿಯೊಂದೂ ಒಂದೊಂದು ಹೈಡ್ರೋಜನ್ ಹಿಡಿಯುತ್ತದೆ, ಆದಷ್ಟು ದೂರ ದೂರ ನಿಲ್ಲುತ್ತದೆ."

ಪ್ರತಿ ಸಲ ಬೇರೆ ನಾಲ್ಕು ಉಂಡೆ ಎತ್ತಿಕೊಂಡು ನಾಲ್ಕು ಸಲ ಅಭ್ಯಾಸ ಮಾಡಿದಳು. ಬಹಳ ದಿನಗಳ ಮೇಲೆ ನಾಲಗೆ ತಡವರಿಸದೆ ಓಡುತ್ತಿತ್ತು. ಆ ಖುಷಿಯಲ್ಲೇ ಉಂಡೆಗಳನ್ನು ಲಟ್ಟಿಸಿ ಕಾವಲಿಗೆ ಹಾಕಿದಳು.

ಊಟದ ಹೊತ್ತಿಗೆ ಸಫಿಯಮ್ಮ ರೊಟ್ಟಿ ತಟ್ಟೆಯ ಬಟ್ಟೆ ಸರಿಸಿದರು. "ಇದೆಂತ ಫಸೀಲಾ? ಗಂಡಸರದ್ದು ಎಲ್ಲಿ ಉಂಟು?"

ಹದಿನಾರೂ ಒಂದೇ ಗಾತ್ರದವು.

"ಸಾಕು ಮಾಮಿ, ಎರಡು ಹೆಚ್ಚು ತಿಂದರಾಯ್ತು," ಎಂದು ಸಫ್ರಾಝ್ ನಕ್ಕ.

"ಅಳಿಯನಿಗೆ ಮಕ್ಕಳ ರೊಟ್ಟಿ ಹಾಕಿದರು ಅಂತ ನಿನ್ನ ತಾಯಿ ನಗುವುದಿಲ್ವಾ?"

ಮಾವ ಹಸನ್ ಮುಂದಿಟ್ಟ ತಟ್ಟೆಯನ್ನು ಸ್ವಲ್ಪ ದೂಡಿದರು. ಕೋಳಿ ಸಾರು ಆರುತ್ತಿತ್ತು.

"ನಾನು ಮಾಡ್ತೇನೆ ಅಮ್ಮಾ," ಎಂದು ರಿಝಾನಾ ಎದ್ದಳು.

"ಕೂತ್ಕೋ. ಗಂಡನ ಜೊತೆ ಬಂದವಳು ಒಲೆ ಹತ್ತಿರ ಹೋಗುವುದುಂಟಾ?"

ರಿಝಾನಾ ಕೂತಳು. ಫಸೀಲಾ ಮತ್ತೆ ನೀರು ಕುದಿಸಿ, ಹಿಟ್ಟು ಹಾಕಿ, ಬಿಸಿಯಲ್ಲೇ ನಾದಿದಳು. ಎರಡೂಕಾಲಿಗೆ ಹಿಡಿಯಬೇಕಿದ್ದ ಬಸ್ಸು ಹೋಯಿತು. ದೊಡ್ಡ ರೊಟ್ಟಿಗಳು ಬಂದವು. ಸಫ್ರಾಝ್ ಒಂದೂವರೆ ತಿಂದು ಉಳಿದದ್ದನ್ನು ಬಿಟ್ಟ. ಮಾವನಿಗೆ ಬಿಸಿನೀರು, ಅತ್ತೆಗೆ ಮಾತ್ರೆ, ನೆಂಟರಿಗೆ ಶರಬತ್ತು.

ಮೂರೂಮುಕ್ಕಾಲಿಗೆ ಫೋನ್ ಬಂತು. ಕಾಲೇಜಿನ ಮೋಹಿನಿ ಮೇಡಂ. "ಎಲ್ಲಿದ್ದೀರಿ ಫಸೀಲಾ? ಪ್ರಿನ್ಸಿಪಾಲರು ನಾಲ್ಕಕ್ಕೆ ಹೊರಡುತ್ತಾರೆ."

"ಇನ್ನೂ ಮನೆಯಲ್ಲೇ ಇದ್ದೇನೆ ಮೇಡಂ."

"ಇದು ಮೂರನೇ ಸಲ ಅಲ್ವಾ? ಇನ್ನು ನಾನು ನಿಮ್ಮ ಹೆಸರು ಹೇಳುವುದು ಕಷ್ಟ. ಕಾರಣ ಎಂತ ಅಂತ ಬರೆಯಲಿ?"

ಫಸೀಲಾ ಚಾವಡಿಯತ್ತ ನೋಡಿದಳು. ಅಲ್ಲಿ ಕೂತವರಲ್ಲಿ ಅವಳಿಗೆ ಹೋಗಬೇಡ ಎಂದವರು ಒಬ್ಬರೂ ಇರಲಿಲ್ಲ. ಯಾರ ಹೆಸರು ಹೇಳುವುದು?

"ವೈಯಕ್ತಿಕ ಕಾರಣ ಅಂತ ಹಾಕಲಾ?" ಮೋಹಿನಿಯೇ ಕೇಳಿದರು.

"ಹಾಕಿ ಮೇಡಂ," ಎಂದಳು ಫಸೀಲಾ.